ಗಂಡಸರ ಸಂಬಳ, ಹೆಂಗಸರ ಸಂಬಳ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಹನ್ನೊಂದು ವರ್ಷ ಸಂಬಳದ ಲೆಕ್ಕ ನೋಡುವ ಕೆಲಸ ಮಾಡಿದೆ. ಯಾರಿಗೆ ಎಷ್ಟು ಅಂತ ತಿಂಗಳು ತಿಂಗಳೂ ಕಣ್ಣಾರೆ ಕಂಡವಳು. ಹಾಗಾಗಿ ಈ ಮಾತು ಎದ್ದ ಕಡೆಯೆಲ್ಲ, ಮದುವೆ ಮನೆಯ ಊಟದ ಸಾಲಿನಲ್ಲೂ, ಜನ ನನ್ನನ್ನೇ ಕೇಳುತ್ತಾರೆ. ಪತ್ರ ಬರೆದೂ ಕೇಳಿದ್ದಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವರ ಮಾತಿನಲ್ಲೇ ಇಟ್ಟು, ಒಂದೊಂದಕ್ಕೂ ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

## ಮೊದಲು ಬುಡದ ವಿಷಯ

"ವೇತನ ತಾರತಮ್ಯ ಅಂದ್ರೆ ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೊಡೋದು, ಅಷ್ಟೇ ತಾನೇ?"

ಅದು ಒಂದು ಭಾಗ ಮಾತ್ರ. ದೊಡ್ಡ ಭಾಗ ಬೇರೆ ಕಡೆ ಇದೆ.

ಒಂದು ನರ್ಸಿಂಗ್ ಹೋಂ ಇದೆ ಅಂದುಕೊಳ್ಳಿ. ಅಲ್ಲಿ 10 ಗಂಡಸರು, 10 ಹೆಂಗಸರು. ಡಾಕ್ಟರಿಗೆ ತಿಂಗಳಿಗೆ 1 ಲಕ್ಷ, ನರ್ಸಿಗೆ 30 ಸಾವಿರ. ಗಂಡಸರಲ್ಲಿ 8 ಡಾಕ್ಟರು, 2 ನರ್ಸು. ಹೆಂಗಸರಲ್ಲಿ 2 ಡಾಕ್ಟರು, 8 ನರ್ಸು. ಈಗ ಸರಾಸರಿ ತೆಗೆಯಿರಿ. ಗಂಡಸರದ್ದು 86 ಸಾವಿರ, ಹೆಂಗಸರದ್ದು 44 ಸಾವಿರ. ಒಂದೇ ಹುದ್ದೆಯಲ್ಲಿ ಯಾರಿಗೂ ಒಂದು ರೂಪಾಯಿ ಕಡಿಮೆ ಕೊಟ್ಟಿಲ್ಲ, ಆದರೂ ಅಂತರ ಅರ್ಧದಷ್ಟು.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಭಾರತದ ಬಗ್ಗೆ 2018ರಲ್ಲಿ ಕೊಟ್ಟ ವರದಿಯಲ್ಲಿರುವುದು ಈ ಬಗೆಯ ಸರಾಸರಿ ಅಂತರ. 1993-94ರಲ್ಲಿ ಶೇ. 48 ಇದ್ದದ್ದು 2011-12ಕ್ಕೆ ಶೇ. 34ಕ್ಕೆ ಇಳಿದಿತ್ತು. ಯಾರಾದರೂ ಒಂದು ಅಂಕಿ ಹೇಳಿದರೆ ಮೊದಲು ಕೇಳಬೇಕಾದ್ದು ಇದು: ಎಲ್ಲರ ಸರಾಸರಿಯೋ, ಒಂದೇ ಹುದ್ದೆಯಲ್ಲಿರುವವರ ಹೋಲಿಕೆಯೋ? ಇದನ್ನು ಕೇಳಿಕೊಳ್ಳದೆ ಅರ್ಧಕ್ಕರ್ಧ ಜಗಳ ನಡೆಯುತ್ತದೆ.

"ಕಾನೂನು ಇದೆಯಲ್ಲ, ಮತ್ತೆ ಹೇಗೆ ಕಡಿಮೆ ಕೊಡ್ತಾರೆ?"

ಕಾನೂನು ಇದೆ, ಬಹಳ ಹಿಂದಿನಿಂದಲೂ ಇದೆ. ಸಂವಿಧಾನದ 39(ಡಿ) ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಎನ್ನುತ್ತದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ, ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ.

ಕೋರ್ಟುಗಳೂ ಸುಮ್ಮನೆ ಕೂತಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮೆಕಿನನ್ ಮೆಕೆಂಜಿ ಕಂಪನಿಯ ಪ್ರಕರಣ ಬಂತು. ಅಲ್ಲಿ ಮಹಿಳಾ ಸ್ಟೆನೋಗ್ರಾಫರುಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳವಿತ್ತು. ಸಮಾನ ಸಂಬಳ ಕೊಡುವಷ್ಟು ಶಕ್ತಿ ನಮಗಿಲ್ಲ ಎಂದೂ ಕಂಪನಿ ವಾದಿಸಿತು. ಈ ಕಾನೂನು ಕಂಪನಿಯ ಜೇಬು ನೋಡಿ ಅನ್ವಯಿಸುವಂಥದ್ದಲ್ಲ ಅಂತ ಕೋರ್ಟು ಹೇಳಿತು.

ಆದರೆ ಕಾನೂನಿನ ಕಣ್ಣಿಗೆ ಬೀಳುವುದು ಒಂದೇ ಮಾಲೀಕನ ಕೆಳಗೆ ನಡೆಯುವ ಒಂದೇ ಬಗೆಯ ಕೆಲಸ. ಮೇಲೆ ಹೇಳಿದ ನರ್ಸಿಂಗ್ ಹೋಂನಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಇನ್ನು ಪಕ್ಕದವರ ಸಂಬಳ ಎಷ್ಟು ಅಂತ ಗೊತ್ತಿಲ್ಲದವರು ದೂರು ಕೊಡುವುದಾದರೂ ಹೇಗೆ?

"ಊರಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ. ಬೆಂಗಳೂರಲ್ಲಿ ಅದೆಲ್ಲ ಇಲ್ಲ ಅಲ್ವಾ?"

ಇದೆ. ನಿಮ್ಮ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದರೆ ಹೋಗಿ ಮೇಸ್ತ್ರಿಯನ್ನು ಕೇಳಿ ನೋಡಿ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಅಂತ ಎರಡು ರೇಟು ಹೇಳುತ್ತಾರೆ, ಮುಚ್ಚುಮರೆ ಏನೂ ಇಲ್ಲದೆ. ಕಾರಣ ಕೇಳಿದರೆ "ಅವರದು ಎತ್ತಿ ಕೊಡೋ ಕೆಲಸ" ಎನ್ನುತ್ತಾರೆ. ನಮ್ಮ ಎದುರು ಮನೆಯ ಕೆಲಸ ನಡೆಯುವಾಗ ಒಬ್ಬ ತಾಯಿ ಎರಡನೇ ಮಹಡಿಗೆ ದಿನವಿಡೀ ಬಾಂಡ್ಲಿಯಲ್ಲಿ ಕಲಸಿದ ಸಿಮೆಂಟು ಹೊತ್ತಳು. ಮೇಲೆ ನಿಂತ ಹುಡುಗ ಕರಣೆ ಹಿಡಿದಿದ್ದ. ಎರಡು ವರ್ಷದ ಹಿಂದೆ ಅವನೂ ಬಾಂಡ್ಲಿ ಹೊರುತ್ತಿದ್ದನಂತೆ. ಅವಳು ಹೊರುತ್ತಿರುವುದು ಹದಿನಾಲ್ಕನೇ ವರ್ಷ.

ಆ ಹುಡುಗನ ಕೈಗೆ ಯಾರೋ ಕರಣೆ ಕೊಟ್ಟು ಕಲಿಸಿದರು. ಅವಳಿಗೆ ಯಾರೂ ಕೊಡಲಿಲ್ಲ. ಕೂಲಿಯ ವ್ಯತ್ಯಾಸ ಹುಟ್ಟಿದ್ದು ಅಲ್ಲಿ. ಉದ್ಯೋಗ ಖಾತ್ರಿಯಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ಕೂಲಿ ಇಟ್ಟರು, ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

## ಕಾರಣಗಳ ಬಗ್ಗೆ

"ಹುಡುಗೀರೇ ಕಡಿಮೆ ಸಂಬಳದ ಲೈನ್ ಆರಿಸ್ಕೋತಾರೆ. ಅದಕ್ಕೆ ಯಾರೇನು ಮಾಡೋಕಾಗುತ್ತೆ?"

ಟೀಚರ್ ಕೆಲಸ ಆರಿಸಿಕೊಂಡ ಹತ್ತು ಜನರನ್ನು ಕೇಳಿ. "ಮಧ್ಯಾಹ್ನ ಮನೆಗೆ ಬರಬಹುದು, ಮಕ್ಕಳ ರಜೆಗೇ ನನಗೂ ರಜೆ" ಅಂತ ಆರೇಳು ಜನರಾದರೂ ಹೇಳುತ್ತಾರೆ. ಸಂಜೆ ಆರರ ಅಡುಗೆ ಯಾರದು ಅಂತ ಮೊದಲೇ ತೀರ್ಮಾನವಾದ ಮೇಲೆ ಮಾಡಿದ ಆಯ್ಕೆ ಅದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಹೆಂಗಸರು ಜಾಸ್ತಿ ಇದ್ದಾರೆ ಅಂತಲೇ ಕೆಲವು ಕೆಲಸದ ಬೆಲೆ ಇಳಿಯುತ್ತದೆ. ಅಮೆರಿಕದ 1950ರಿಂದ 2000ದವರೆಗಿನ ಜನಗಣತಿ ಅಂಕಿಗಳನ್ನು ನೋಡಿದ ಸಂಶೋಧಕರಿಗೆ ಕಂಡದ್ದು ಇದೇ: ಹೆಂಗಸರು ಹೆಚ್ಚಿದ ವೃತ್ತಿಗಳಲ್ಲಿ ಮುಂದಕ್ಕೆ ಸಂಬಳ ಇಳಿಯಿತು. ಉಲ್ಟಾ ಕೂಡ ನಡೆದಿದೆ. 1940ರ ದಶಕದಲ್ಲಿ ಎನಿಯಾಕ್ ಕಂಪ್ಯೂಟರಿಗೆ ಮೊದಲು ಪ್ರೋಗ್ರಾಂ ಬರೆದವರು ಆರು ಮಂದಿ ಹೆಂಗಸರು. ಆಗ ಅದು ಗುಮಾಸ್ತಗಿರಿಯಂಥ ಕೆಲಸ ಎನ್ನುವ ಭಾವನೆ ಇತ್ತು. ಗಂಡಸರು ತುಂಬಿಕೊಂಡಂತೆ ಅದರ ಮಾನವೂ ಸಂಬಳವೂ ಏರಿದವು. ಇವತ್ತು ಈ ಊರು ಅನ್ನ ತಿನ್ನುವುದು ಅದೇ ಕೆಲಸದಿಂದ.

ನಮ್ಮಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ ಅಂಗನವಾಡಿ. ರಾಜ್ಯದಲ್ಲಿ ಈ ಯೋಜನೆ ಶುರುವಾದದ್ದು 1975ರಲ್ಲಿ, ತಿ. ನರಸೀಪುರದಿಂದ. ಅರ್ಧ ಶತಮಾನ ಆಯಿತು. ಅಲ್ಲಿ ದುಡಿಯುವವರಿಗೆ ಕೊಡುವ ಹಣಕ್ಕೆ ಇವತ್ತಿಗೂ ಸಂಬಳ ಎನ್ನುವ ಹೆಸರಿಲ್ಲ, ಅದು "ಗೌರವಧನ". ಅವರಿಗೂ ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸಿಗಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಕೂತಿದ್ದೂ ಇಂಥದ್ದೇ ಹಣಕ್ಕೆ. ಮಗು ನೋಡುವುದು, ಬಾಣಂತಿಯ ಮನೆಗೆ ಹೋಗಿ ಬರುವುದು, ಇವೆಲ್ಲ ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತವೆ ಅಂದುಕೊಂಡ ಕೂಡಲೇ ಅದಕ್ಕೆ ದುಡ್ಡು ಯಾಕೆ ಕೊಡಬೇಕು ಎನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ.

"ಗಾರ್ಮೆಂಟ್ಸಲ್ಲಿ ಇರೋದೇ ಹೆಂಗಸರು. ಅಲ್ಲಿ ಯಾರ ಜೊತೆ ಹೋಲಿಸ್ತೀರಾ?"

ಒಳ್ಳೆಯ ಪ್ರಶ್ನೆ. ಎರಡು ಕಡೆ ಹೋಲಿಸಬಹುದು.

ಒಂದು, ಫ್ಯಾಕ್ಟರಿಯ ಒಳಗೇ. ಹೆಗ್ಗನಹಳ್ಳಿಯಲ್ಲಿ ನಾವು ಬಾಡಿಗೆಗಿದ್ದಾಗ ಮಹಡಿ ಮೇಲಿನ ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುತ್ತಾ ಕತ್ತರಿಸುತ್ತಾ ಮೆಷಿನ್ ಕಲಿತು ಟೈಲರ್ ಆದರು. ಕಾಲರ್ ಹಚ್ಚುವುದರಲ್ಲಿ ಇಡೀ ಲೈನಿಗೆ ಅವರ ಕೈ ಚೊಕ್ಕ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪ್ರೊಡಕ್ಷನ್ ಬರೆಯುವಾಗ ಅವರ ಅಂಕಿ ಮೇಲಿರುತ್ತಿತ್ತು. ಹೊಸದಾಗಿ ಬಂದ ಸೂಪರ್‌ವೈಸರ್ ಹುಡುಗನಿಗೆ ಯಾವ ಮೆಷಿನ್ ಎಲ್ಲಿಡಬೇಕು ಅಂತ ತೋರಿಸಿಕೊಟ್ಟವರೂ ಅವರೇ. ಹನ್ನೆರಡು ವರ್ಷ ಕಳೆದರೂ ಅವರು ಟೈಲರ್. ಯಾಕೆ ಸೂಪರ್‌ವೈಸರ್ ಮಾಡಲಿಲ್ಲ ಅಂತ ಒಮ್ಮೆ ಕೇಳಿದೆ. "ರಾತ್ರಿ ಎಂಟರ ತನಕ ನಿಲ್ಲಬೇಕು, ಗಂಡಸರಿಗೆ ಬಯ್ಯೋಕೆ ಬರಬೇಕು ಅಂತಾರೆ" ಅಂದರು. ನಾನು ಕಂಡಂತೆ ಕಟಿಂಗ್ ಮಾಸ್ತರರು ಗಂಡಸರು, ಫ್ಲೋರ್ ಇನ್‌ಚಾರ್ಜ್ ಗಂಡಸರು, ಮೆಷಿನ್ ಮುಂದೆ ಬಗ್ಗಿ ಕೂತವರು ಹೆಂಗಸರು.

ಎರಡು, ಬೇರೆ ಉದ್ಯಮಗಳ ಜೊತೆ. ಕನಿಷ್ಠ ವೇತನದಲ್ಲಿ ಗಂಡು ಹೆಣ್ಣು ಎನ್ನುವ ಭೇದ ಇರುವುದಿಲ್ಲ, ಆದರೆ ಉದ್ಯಮಕ್ಕೊಂದು ರೇಟು ಇರುವ ಪದ್ಧತಿ ಬಹಳ ಕಾಲದಿಂದ ನಡೆದು ಬಂದಿದೆ. ಹೆಂಗಸರೇ ತುಂಬಿದ ಬಟ್ಟೆ ಹೊಲಿಯುವ ಉದ್ಯಮದ ರೇಟು ಬೇರೆ ಹಲವಕ್ಕಿಂತ ಕೆಳಗೇ ಇತ್ತು. ಇವರು ದನಿ ಎತ್ತಿದಾಗ ಏನಾಗುತ್ತದೆ ಎಂದು 2016ರ ಏಪ್ರಿಲ್‌ನಲ್ಲಿ ಇಡೀ ದೇಶ ನೋಡಿತು. ಪಿಎಫ್ ಹಣ ತೆಗೆಯಲು ಹೊಸ ನಿರ್ಬಂಧ ಬಂದಾಗ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಎರಡನೇ ದಿನ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

"ಮಗು ಆದ್ಮೇಲೇ ವ್ಯತ್ಯಾಸ ಶುರು ಅಂತಾರೆ, ನಿಜಾನಾ?"

ನಿಜ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ಡೆನ್ಮಾರ್ಕಿನಲ್ಲಿ ಗಂಡ ಹೆಂಡತಿಯರ ಗಳಿಕೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮೊದಲ ಮಗುವಿನ ತನಕ ಇಬ್ಬರದೂ ಜೊತೆಜೊತೆಗೇ ಸಾಗುತ್ತದೆ. ಮಗು ಹುಟ್ಟಿದ ಕೂಡಲೇ ತಾಯಿಯ ಗಳಿಕೆ ಕುಸಿಯುತ್ತದೆ, ತಂದೆಯದು ಅಲುಗುವುದಿಲ್ಲ. ಹತ್ತಾರು ವರ್ಷ ಕಳೆದರೂ ತಾಯಂದಿರದು ಸುಮಾರು ಶೇ. 20ರಷ್ಟು ಹಿಂದೆಯೇ ಉಳಿಯುತ್ತದೆ. ಅದೂ ಸರ್ಕಾರವೇ ಶಿಶುವಿಹಾರ ನಡೆಸುವ ದೇಶದಲ್ಲಿ.

ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಮಾಡುತ್ತಾರೆ, ಮಾಡುವ ಗಂಡಸರು 88 ನಿಮಿಷ. "ಮಾಡುವ ಗಂಡಸರು" ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ಸುಮಾರು ಮುಕ್ಕಾಲು ಪಾಲು ಗಂಡಸರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ವ್ಯತ್ಯಾಸ 201 ನಿಮಿಷ. ವರ್ಷಕ್ಕೆ ಗುಣಿಸಿ, ಎಂಟು ಗಂಟೆಯ ದಿನದಿಂದ ಭಾಗಿಸಿದರೆ ಸುಮಾರು 153 ದಿನದ ಕೆಲಸ. ಸಂಬಳವಿಲ್ಲದ 153 ದಿನ.

ಆಫೀಸಿನಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ಸಂಜೆ 6.15ಕ್ಕೆ ಮೀಟಿಂಗ್ ಇಡುತ್ತಾರೆ. ಡೇ ಕೇರ್ ಮುಚ್ಚುವುದು ಏಳಕ್ಕೆ. ಮಧ್ಯೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್. ನನ್ನ ಪಕ್ಕದ ಸೀಟಿನವಳು ಐದೂ ಮುಕ್ಕಾಲಿಗೇ ಬ್ಯಾಗಿನ ಜಿಪ್ ಎಳೆದು, ಅದನ್ನು ಯಾರೂ ನೋಡದ ಹಾಗೆ ಕಾಲ ಬಳಿ ಇಟ್ಟುಕೊಂಡು ಕೂರುತ್ತಿದ್ದಳು. ಬೆಳಿಗ್ಗೆ ಎಂಟಕ್ಕೇ ಬಂದು ಕೆಲಸ ಮುಗಿಸಿರುತ್ತಿದ್ದಳು, ಅದನ್ನು ನೋಡಲು ಆಗ ಆಫೀಸಿನಲ್ಲಿ ಯಾರೂ ಇರುತ್ತಿರಲಿಲ್ಲ. ವರ್ಷದ ಕೊನೆಗೆ ಅವಳ ರೇಟಿಂಗ್ ಪಕ್ಕ ಬರೆದದ್ದು: "ಬದ್ಧತೆ ಇನ್ನಷ್ಟು ಬೇಕು". ಆ ಸಾಲು ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

"26 ವಾರ ಹೆರಿಗೆ ರಜೆ ಬಂದದ್ದು ಒಳ್ಳೇದೇ ಅಲ್ವಾ? ಅದರಿಂದ ತೊಂದರೆ ಅಂತ ಯಾಕೆ ಹೇಳ್ತಾರೆ?"

ರಜೆ ಒಳ್ಳೆಯದೇ, ಅದರ ಬಗ್ಗೆ ಎರಡು ಮಾತಿಲ್ಲ. 2017ರ ತಿದ್ದುಪಡಿ 12 ವಾರವನ್ನು 26 ಮಾಡಿತು. 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ತೊಂದರೆ ಇರುವುದು ದುಡ್ಡು ಯಾರು ಕೊಡಬೇಕು ಎನ್ನುವುದರಲ್ಲಿ. ಪೂರಾ ಖರ್ಚು ಆ ಒಬ್ಬ ಮಾಲೀಕನದು. ಅಪ್ಪನಿಗೆ ರಜೆ ಕೊಡಿ ಎನ್ನುವ ಕಾನೂನು ಖಾಸಗಿ ವಲಯದಲ್ಲಿ ಇಲ್ಲ. ಆದ್ದರಿಂದ 27 ವರ್ಷದ ಹುಡುಗಿ ಇಂಟರ್‌ವ್ಯೂಗೆ ಬಂದರೆ ಸಣ್ಣ ಕಂಪನಿಯವರು ಒಳಗೊಳಗೇ ಲೆಕ್ಕ ಹಾಕುತ್ತಾರೆ. ಅದೇ ವಯಸ್ಸಿನ ಹುಡುಗ ಬಂದರೆ ಆ ಲೆಕ್ಕ ಇಲ್ಲ.

ದಾರಿ ನಮ್ಮಲ್ಲೇ ಇದೆ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಉಂಟಲ್ಲ, ಅಲ್ಲಿ ಹೆರಿಗೆ ರಜೆಯ ಹಣ ಬರುವುದು ಎಲ್ಲರ ವಂತಿಗೆಯಿಂದ ಕೂಡಿದ ನಿಧಿಯಿಂದ. ಗಂಡಸರ ಸಂಬಳದ ಮೇಲೂ ಮಾಲೀಕ ವಂತಿಗೆ ಕಟ್ಟಿರುತ್ತಾನೆ. ಹಾಗಾಗಿ ಹೆಣ್ಣನ್ನು ಸೇರಿಸಿಕೊಂಡರೆ ಜಾಸ್ತಿ ಖರ್ಚು ಎನ್ನುವ ಮಾತು ಬರುವುದಿಲ್ಲ. ಈ ವ್ಯವಸ್ಥೆ ಎಲ್ಲ ಸಂಬಳದವರಿಗೂ ಬರಬೇಕು. ಜೊತೆಗೆ ಅಪ್ಪನಿಗೆ ಅಂತಲೇ ಮೀಸಲಾದ ರಜೆ. ಸ್ವೀಡನ್ 1995ರಲ್ಲೇ ಒಂದು ತಿಂಗಳು ಹಾಗೆ ಮೀಸಲಿಟ್ಟಿತು, ಈಗ ಅದು 90 ದಿನ. ಅಪ್ಪ ತೆಗೆದುಕೊಳ್ಳದಿದ್ದರೆ ಆ ರಜೆ ಹೋಯಿತು, ಅಮ್ಮನಿಗೆ ಬಿಟ್ಟುಕೊಡುವ ಹಾಗಿಲ್ಲ. ಮಗು ಹುಟ್ಟಿದರೆ ಗಂಡಸರೂ ಆಫೀಸಿಗೆ ರಜೆ ಹಾಕುತ್ತಾರೆ ಅಂತ ಕಂಪನಿಗಳಿಗೆ ಗೊತ್ತಾಗಬೇಕು.

"ಹೆಂಗಸರು ಬಾಯಿ ಬಿಟ್ಟು ಸಂಬಳ ಕೇಳಲ್ಲ. ಕೇಳಿದ್ರೆ ಆಯ್ತಲ್ವಾ?"

ಕೇಳಿ, ಖಂಡಿತ ಕೇಳಿ. ಆದರೆ ಹೆಣ್ಣು ಗಟ್ಟಿಯಾಗಿ ಕೇಳಿದರೆ "ಸ್ವಲ್ಪ ಜೋರು" ಎನ್ನುವ ಹೆಸರು ಬರುತ್ತದೆ, ಗಂಡಿಗೆ ಬರುವುದಿಲ್ಲ. ಇದನ್ನು ಪ್ರಯೋಗ ಮಾಡಿಯೂ ತೋರಿಸಿದ್ದಾರೆ.

ಅದಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ, ನಾನು ದಿನಾ ನೋಡಿದ್ದು. ಹೊಸ ಕಂಪನಿಯಲ್ಲಿ ಎಚ್‌ಆರ್ ಮೊದಲು ಕೇಳುವುದು "ಈಗ ಎಷ್ಟು ತಗೋತಿದ್ದೀರಾ?" ಅದರ ಮೇಲೆ ಶೇ. 30 ಸೇರಿಸಿ ಆಫರ್ ಕೊಡುತ್ತಾರೆ. ಲೆಕ್ಕ ಮಾಡಿ. ಅವಳದು ವರ್ಷಕ್ಕೆ 8 ಲಕ್ಷ, ಅವನದು 10 ಲಕ್ಷ. ಇಬ್ಬರೂ ಎರಡು ಸಲ ಕೆಲಸ ಬದಲಿಸಿದರು, ಎರಡು ಸಲವೂ ಇಬ್ಬರಿಗೂ ಸರಿಸಮ ಶೇ. 30 ಸಿಕ್ಕಿತು. ಅವಳದು 13.52 ಲಕ್ಷ, ಅವನದು 16.9 ಲಕ್ಷ. 2 ಲಕ್ಷದ ಅಂತರ 3.38 ಲಕ್ಷ ಆಯಿತು, ಮೋಸ ಮಾಡಿದವರು ಯಾರೂ ಕಾಣುವುದಿಲ್ಲ. ಮಗುವಿಗೆಂದು ಎರಡು ವರ್ಷ ಬಿಟ್ಟು ವಾಪಸ್ ಬಂದವಳಿಗಂತೂ ಹಳೇ ಸಂಬಳವೇ ಕಾಲಿಗೆ ಕಟ್ಟಿದ ಕಲ್ಲು. ಕ್ಯಾಲಿಫೋರ್ನಿಯಾದಲ್ಲಿ ಹಳೇ ಸಂಬಳ ಕೇಳಬಾರದು ಅಂತ 2018ರಿಂದ ಕಾನೂನೇ ಇದೆ. ನಮ್ಮಲ್ಲೂ ಬೇಕು.

## ಇನ್ನೂ ಸ್ವಲ್ಪ ಒಳಗೆ

"ಒಂದೇ ಡಿಗ್ರಿ, ಒಂದೇ ಅನುಭವ, ಒಂದೇ ಹುದ್ದೆ ಅಂತ ನೋಡಿದ್ರೆ ವ್ಯತ್ಯಾಸ ಉಳಿಯಲ್ಲ ಅಂತಾರಲ್ಲ?"

ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದರಲ್ಲಿ ಭೇದಭಾವವೂ ಇರಬಹುದು, ಅಳೆಯಲಾಗದ ಬೇರೆ ಸಂಗತಿಗಳೂ ಇರಬಹುದು. ಉಳಿದದ್ದೆಲ್ಲ ಅನ್ಯಾಯ ಎಂದರೆ ಅವಸರದ ಮಾತಾಗುತ್ತದೆ.

ಆದರೆ "ಒಂದೇ ಹುದ್ದೆ" ಅಂತ ಹೋಲಿಸುವುದರಲ್ಲೇ ಒಂದು ತೂತು ಇದೆ. ಪ್ರಮೋಷನ್ ಕೊಡದೆ ಹೆಂಗಸರನ್ನು ಕೆಳಗೇ ಇಟ್ಟರೆ, ಕೆಳಗಿನ ಹುದ್ದೆಯಲ್ಲಿ ಸಂಬಳ ಸಮಾನವಾಗಿಯೇ ಕಾಣುತ್ತದೆ. ಹೆಗ್ಗನಹಳ್ಳಿಯ ಅಕ್ಕನನ್ನು ಬೇರೆ ಟೈಲರುಗಳ ಜೊತೆ ಇಟ್ಟು ನೋಡಿದರೆ ಅಲ್ಲಿ ಯಾವ ತಪ್ಪೂ ಸಿಗುವುದಿಲ್ಲ.

"ಆ್ಯಪ್ ದುಡ್ಡು ಲೆಕ್ಕ ಹಾಕಿದ್ರೆ ಗಂಡು ಹೆಣ್ಣು ಭೇದ ಎಲ್ಲಿಂದ ಬರುತ್ತೆ?"

ಅಮೆರಿಕದ ಊಬರ್ ಡ್ರೈವರುಗಳ ಮೇಲೆ ಇದನ್ನೇ ಪರೀಕ್ಷಿಸಿದ್ದಾರೆ. ಬಾಡಿಗೆ ಲೆಕ್ಕಕ್ಕೆ ಡ್ರೈವರ್ ಯಾರು ಅಂತ ಗೊತ್ತೇ ಇಲ್ಲ. ಆದರೂ ಗಂಟೆಯ ಗಳಿಕೆಯಲ್ಲಿ ಗಂಡಸರು ಸುಮಾರು ಶೇ. 7 ಮುಂದೆ. ಕಾರಣ ಮೂರು: ಎಲ್ಲಿ ಯಾವ ಹೊತ್ತಿಗೆ ಓಡಿಸುತ್ತಾರೆ, ಎಷ್ಟು ಕಾಲದಿಂದ ಓಡಿಸಿ ಪಳಗಿದ್ದಾರೆ, ಎಷ್ಟು ಜೋರಾಗಿ ಓಡಿಸುತ್ತಾರೆ.

ಬೆಂಗಳೂರಿಗೆ ಇದನ್ನು ತಂದು ನೋಡಿ. ರಾತ್ರಿ ಹನ್ನೊಂದಕ್ಕೆ ಏರ್‌ಪೋರ್ಟ್ ಟ್ರಿಪ್ಪಿಗೆ ಒಳ್ಳೇ ದುಡ್ಡು. ವಾಪಸ್ ಬರುವಾಗ ಮೂತ್ರಕ್ಕೆ ಎಲ್ಲಿ ನಿಲ್ಲಿಸಬಹುದು, ಯಾರು ಹತ್ತುತ್ತಾರೆ ಅಂತ ಒಬ್ಬಳು ಯೋಚಿಸಬೇಕು. ಭಯಕ್ಕೂ ಒಂದು ಬೆಲೆ ಇದೆ, ಅದು ಅವಳ ಗಳಿಕೆಯಿಂದಲೇ ಕಳೆಯುತ್ತದೆ. ರಾತ್ರಿ ಪಾಳಿಯ ಕಥೆಯೂ ಇದೇ. 1948ರ ಫ್ಯಾಕ್ಟರಿ ಕಾಯ್ದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರನ್ನು ದುಡಿಸಬಾರದು ಅಂತಿತ್ತು. ಕರ್ನಾಟಕ 2019ರಲ್ಲಿ ಷರತ್ತು ಹಾಕಿ ಅವಕಾಶ ಕೊಟ್ಟಿತು. ಬಾಗಿಲು ತೆರೆದರೆ ಸಾಲದು, ಮನೆ ಬಾಗಿಲಿಗೆ ಬಿಡುವ ಗಾಡಿಯೂ ಬೇಕು.

"ಜಾಸ್ತಿ ಹೊತ್ತು ಇರೋರಿಗೆ ಜಾಸ್ತಿ ಸಂಬಳ. ಅದು ನ್ಯಾಯ ತಾನೇ?"

ಎರಡರಷ್ಟು ಹೊತ್ತಿಗೆ ಎರಡರಷ್ಟು ಸಂಬಳ ಆದರೆ ನ್ಯಾಯ. ಆದರೆ ಕೆಲವು ಕೆಲಸಗಳಲ್ಲಿ ಎರಡರಷ್ಟು ಹೊತ್ತಿಗೆ ಮೂರರಷ್ಟು ಕೊಡುತ್ತಾರೆ. ಯಾವಾಗ ಕರೆದರೂ ಬರುವವರಿಗೆ ಆ ಜಾಸ್ತಿ ದುಡ್ಡು. ಕ್ಲೌಡಿಯಾ ಗೋಲ್ಡಿನ್, 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಇಂಥ ಕೆಲಸವನ್ನು ದುರಾಸೆಯ ಕೆಲಸ ಎಂದು ಕರೆದರು. ಮನೆಯಲ್ಲಿ ಮಗು ಇದ್ದರೆ ಇಬ್ಬರೂ ಅಂಥ ಕೆಲಸ ಹಿಡಿಯಲು ಆಗುವುದಿಲ್ಲ. ಒಬ್ಬರು ಬಿಡಬೇಕು. ಯಾರು ಬಿಡುತ್ತಾರೆ ಅಂತ ನಿಮಗೇ ಗೊತ್ತು.

ಅವರೇ ತೋರಿಸಿದ ಇನ್ನೊಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ. ಅಮೆರಿಕದಲ್ಲಿ ಔಷಧಿ ಅಂಗಡಿಗಳು ಒಬ್ಬರ ಸ್ವಂತದ್ದಾಗಿದ್ದವು, ಮಾಲೀಕನೇ ಹಗಲು ರಾತ್ರಿ ನಿಲ್ಲಬೇಕಿತ್ತು. ಆಮೇಲೆ ದೊಡ್ಡ ಸರಣಿ ಅಂಗಡಿಗಳು ಬಂದವು, ರೋಗಿಯ ವಿವರ ಕಂಪ್ಯೂಟರಿಗೆ ಹೋಯಿತು. ಒಬ್ಬ ಫಾರ್ಮಸಿಸ್ಟ್ ಮನೆಗೆ ಹೋದರೆ ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬಹುದು. ಅಲ್ಲಿ ಗಂಡು ಹೆಣ್ಣಿನ ಗಂಟೆಯ ಸಂಬಳದ ಅಂತರ ತುಂಬಾ ಸಣ್ಣದಾಯಿತು, ಸಂಬಳವೂ ಚೆನ್ನಾಗಿಯೇ ಉಳಿಯಿತು. ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ರಾತ್ರಿ ಹತ್ತರ ಕ್ಲೈಂಟ್ ಕಾಲ್‌ಗೆ ಯಾವಾಗಲೂ ಅದೇ ಒಬ್ಬರು ಬರಬೇಕು ಎನ್ನುವುದು ದೇವರ ಕಟ್ಟಳೆ ಅಲ್ಲ ಅಂತ ಆಯಿತು.

"ಕ್ರಿಕೆಟಲ್ಲಿ ಸಮಾನ ಮಾಡಿದ್ರಲ್ಲ?"

ಪಂದ್ಯದ ಶುಲ್ಕ ಮಾತ್ರ. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ಅಂತ ಇಬ್ಬರಿಗೂ ಒಂದೇ ಮಾಡಿತು. ವಾರ್ಷಿಕ ಗುತ್ತಿಗೆ ಬೇರೆಯೇ ಇತ್ತು, ಹೆಂಗಸರು ಆಡುವ ಟೆಸ್ಟುಗಳೂ ತೀರಾ ಕಡಿಮೆ. ನಮ್ಮ ಆರ್‌ಸಿಬಿ ಸ್ಮೃತಿ ಮಂಧಾನಗೆ 2023ರಲ್ಲಿ ಕೊಟ್ಟದ್ದು 3.4 ಕೋಟಿ, ಕೊಹ್ಲಿಯನ್ನು 2025ಕ್ಕೆ ಉಳಿಸಿಕೊಂಡದ್ದು 21 ಕೋಟಿಗೆ. ನೋಡುವವರು ಕಡಿಮೆ ಎನ್ನುತ್ತಾರೆ. ಗಂಡಸರ ಲೀಗ್ ಶುರುವಾದದ್ದು 2008ರಲ್ಲಿ, ಹೆಂಗಸರದ್ದು 2023ರಲ್ಲಿ. ಆ 15 ವರ್ಷದ ಪ್ರಚಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

## ಕೊನೆಗೆ, ಕೈಯಲ್ಲಾಗುವ ಕೆಲಸ

"ನಮ್ಮ ಕಂಪನೀಲಿ ಎಷ್ಟು ವ್ಯತ್ಯಾಸ ಇದೆ ಅಂತ ತಿಳ್ಕೊಳ್ಳೋದು ಹೇಗೆ?"

ಷೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳಲ್ಲಿ ನಿಮ್ಮದೂ ಒಂದಾದರೆ ಸುಲಭ. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದಂತೆ 2022-23ರಿಂದ ಅವು ಬಿಆರ್‌ಎಸ್‌ಆರ್ ಎನ್ನುವ, ಕಂಪನಿಯ ಹೊಣೆಗಾರಿಕೆಯ ವರದಿ ಕೊಡಲೇಬೇಕು. ವಾರ್ಷಿಕ ವರದಿಯ ಜೊತೆಗೆ, ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಮಾನವ ಹಕ್ಕುಗಳ ಭಾಗದಲ್ಲಿ ಗಂಡಸರ, ಹೆಂಗಸರ ನಡುಸಂಬಳ ಬೇರೆ ಬೇರೆ ಕೊಟ್ಟಿರುತ್ತಾರೆ. ನಡುಸಂಬಳ ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದವರದ್ದು. ಅಧಿಕಾರಿಗಳದ್ದನ್ನೂ ಸಾಮಾನ್ಯ ನೌಕರರದ್ದನ್ನೂ ಪ್ರತ್ಯೇಕ ನೋಡಿ.

ಸಣ್ಣ ಕಂಪನಿಯಾದರೆ ಇಂಥ ವರದಿ ಇಲ್ಲ. ಬ್ರಿಟನ್ನಿನಲ್ಲಿ 250 ಜನರಿದ್ದರೆ ಸಾಕು, 2017ರಿಂದ ಅಂತರವನ್ನು ಪ್ರಕಟಿಸಬೇಕು. ಐಸ್‌ಲ್ಯಾಂಡ್ 2018ರಲ್ಲಿ ಇನ್ನೂ ಮುಂದೆ ಹೋಗಿ, 25 ಜನರಿರುವ ಕಂಪನಿಯೂ ಸಮಾನವಾಗಿ ಕೊಡುತ್ತಿದ್ದೇನೆ ಅಂತ ತಾನೇ ಸಾಬೀತು ಮಾಡಲಿ ಎಂದಿತು.

"ನಂಗೇ ಕಡಿಮೆ ಕೊಡ್ತಿದ್ದಾರೆ ಅಂತ ಗೊತ್ತಾಯ್ತು. ಈಗ ಏನ್ ಮಾಡ್ಲಿ?"

ಅಳಬೇಡಿ, ರಾಜೀನಾಮೆಯನ್ನೂ ಬರೆಯಬೇಡಿ. ಮೊದಲು ಕಾಗದ ಕೂಡಿಸಿ: ಆಫರ್ ಲೆಟರ್, ಸಂಬಳದ ಸ್ಲಿಪ್ಪು, ರೇಟಿಂಗ್. ಆಮೇಲೆ ಒಂದು ಹಾಳೆಯಲ್ಲಿ ನೀವು ದಿನಾ ಮಾಡುವ ಕೆಲಸ ಬರೆಯಿರಿ. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ. ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಆಗಿದ್ದರೆ ಅದು ಒಂದೇ ಬಗೆಯ ಕೆಲಸ. ವೇತನ ಸಂಹಿತೆಯಲ್ಲಿ ಮ್ಯಾನೇಜರುಗಳೂ ನೌಕರರೇ, "ನೀವು ಮ್ಯಾನೇಜರ್, ನಿಮಗೆ ಅನ್ವಯಿಸಲ್ಲ" ಅಂದರೆ ನಂಬಬೇಡಿ. ಮಾತಿನಲ್ಲಿ ಕೇಳಿದ ಮೇಲೆ ಇಮೇಲಿನಲ್ಲೂ ಕೇಳಿ. ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡಬಹುದು. ಯೂನಿಯನ್ ಇದ್ದರೆ ಅವರನ್ನು ಜೊತೆಗೆ ಕರೆದುಕೊಳ್ಳಿ.

ಐದೂ ಮುಕ್ಕಾಲಿಗೆ ಬ್ಯಾಗು ಕಾಲ ಬಳಿ ಇಟ್ಟುಕೊಳ್ಳುತ್ತಿದ್ದಳಲ್ಲ, ಅವಳೂ ಇದೇ ಮಾಡಿದಳು. ಅವಳ ಜೊತೆಯಲ್ಲೇ ಸೇರಿದ ಹುಡುಗನೊಬ್ಬ ತನ್ನ ಸ್ಲಿಪ್ಪನ್ನು ತಾನೇ ತೆಗೆದು ಅವಳಿಗೆ ತೋರಿಸಿದ್ದ. ತಿಂಗಳಿಗೆ 11 ಸಾವಿರ ವ್ಯತ್ಯಾಸವಿತ್ತು. ಎರಡು ಇಮೇಲ್, ಒಂದು ಮೀಟಿಂಗ್, ನಾಲ್ಕು ತಿಂಗಳು ಹಿಡಿಯಿತು. ಹಿಂದಿನ ಬಾಕಿ ಕೊಡಲಿಲ್ಲ. ಮುಂದಿನ ಏಪ್ರಿಲ್‌ನಿಂದ ಸರಿಮಾಡಿದರು, ಆ ಬದಲಾವಣೆಯನ್ನು ಸಿಸ್ಟಮ್ಮಿಗೆ ಹಾಕಿದವಳು ನಾನೇ.